ನನ್ನ ಚಪ್ಪಲಿಯ ಕೆಸರು

ಟಿಕೋಟಾ, ಶನಿವಾರ

ಸಿದ್ದರಾಮ ಕಾಕಾ, ನಮಸ್ಕಾರ.

ಜ್ವರ ಬಂದ ಹಂದಿಗಳನ್ನು ಬಬಲೇಶ್ವರದ ಸಂತೆಯಲ್ಲಿ ಮಾರಲು ಹೊರಟಿದ್ದೀರಿ, ಅದು ತಪ್ಪು. ಈ ರೋಗಕ್ಕೆ ಔಷಧವಿಲ್ಲ, ಕೊಂಡವರ ದೊಡ್ಡಿಗಳೂ ಖಾಲಿಯಾಗುತ್ತವೆ.

“ನಿನ್ನ ಕರಪತ್ರ ಹಂದಿಗೇ ಓದಿ ಹೇಳ ಬೇ” ಎಂದು, ಈ ರೋಗ ತಡೆಯುವ ಕರಪತ್ರ ಹಂಚಲು ನಾನು ಬಂದ ದಿನ ನಕ್ಕಿರಿ. ಆದರೆ ಆ ಬೆಳಿಗ್ಗೆ ನಾನು ಘೋಣಸಗಿಯಲ್ಲಿ ಹಂದಿ ಸತ್ತ ದೊಡ್ಡಿಯೊಳಗೆ ಓಡಾಡಿ, ಅದೇ ಕೆಸರು ಚಪ್ಪಲಿಯಲ್ಲಿ ನಿಮ್ಮಲ್ಲಿಗೆ ಬಂದಿದ್ದೆ. ಚಪ್ಪಲಿ ತೊಳೆಯಬೇಕೆಂಬ ಸಾಲು ನಾನು ಹಂಚಿದ ಹಾಳೆಯಲ್ಲೇ ಇತ್ತು. ರೋಗ ನಾನೇ ತಂದಿರಬಹುದು. ಪಶುವೈದ್ಯರೆದುರು ಇದನ್ನು ನಾನೇ ಹೇಳುತ್ತೇನೆ.

ಅಲ್ಲಿಯವರೆಗೆ ಒಂದು ಹಂದಿಯನ್ನೂ ಹೊರಗೆ ಬಿಡಬೇಡಿ. ವೈದ್ಯರನ್ನು ಕರೆದುಕೊಂಡು ಸೋಮವಾರ ಬೆಳಿಗ್ಗೆ ಎಂಟಕ್ಕೆ ನಿಮ್ಮ ಜೈನಾಪುರಕ್ಕೆ ಬರುತ್ತೇನೆ. ನೀವು ದೊಡ್ಡಿಯ ಹೊರಗೇ ಸಿಗಿ. ಈ ಸಲ ನಾನು ಒಳಗೆ ಕಾಲಿಡುವುದಿಲ್ಲ.

ನಿಮ್ಮ ಅಣ್ಣನ ಮಗಳು,
ನಂದಾ