ಅಟ್ಟದ ಮೇಲಿನ ಗಸಗಸೆ ಕಾಯಿ

ಬೊಟೊಶಾನಿ
ಮಾರ್ಚ್ 8, 2007

ಪ್ರೀತಿಯ ಅಮ್ಮನಿಗೆ,

ಇಲಿಂಕಾ ಚೆನ್ನಾಗಿದ್ದಾಳೆ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಈಗ ಕಾಸ್ತಿನ್ ತನ್ನ ಮಗಳನ್ನು ಮುಂಗೈ ಮೇಲೆ ಬೋರಲು ಮಲಗಿಸಿಕೊಂಡು ಅಡುಗೆಮನೆಯಿಂದ ಬಾಗಿಲವರೆಗೆ ಓಡಾಡುತ್ತಿದ್ದಾನೆ. ಅವಳು ಅಳುತ್ತಿದ್ದಾಳೆ. ಆ ಅಳು ಕೇಳಿದರೆ ನನಗೀಗ ಧೈರ್ಯ ಬರುತ್ತದೆ.

ಇವತ್ತು ನಮ್ಮ ಅಮ್ಮಂದಿರ ದಿನ, ನಿನಗೆ ಹೂ ಕಳಿಸಬೇಕಿತ್ತು, ಈ ಕಾಗದ ಕಳಿಸುತ್ತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಅಲ್ಲಿ ನೀನು ಸಂಬಳಕ್ಕೆ ನೋಡಿಕೊಳ್ಳುವ ಆ ಅಜ್ಜಿ ಪಕ್ಕದಲ್ಲೇ ಇರುತ್ತಾರೆ, ನೀನು ಮೂಲೆಯಲ್ಲಿ ನಿಂತು ಪಿಸುಗುಟ್ಟುತ್ತೀಯ. ಇದು ಹಾಗೆ ಕೇಳುವ ಸುದ್ದಿಯಲ್ಲ. ಭಾನುವಾರ ಇಟಲಿಗೆ ಹೊರಡುವ ವ್ಯಾನಿನವನ ಕೈಗೆ ಪ್ಲಮ್ ಜಾಮಿನ ಜೊತೆ ಕೊಡುತ್ತೇನೆ.

ಇಲಿಂಕಾಳ ಸಂಜೆಯ ಅಳು ನಿನಗೆ ಗೊತ್ತೇ ಇದೆ. ದೀಪ ಹಾಕುವ ಹೊತ್ತಿಗೆ ಶುರು. ಮೊಣಕಾಲು ಹೊಟ್ಟೆಗೆ ಎಳೆದುಕೊಂಡು, ಮುಷ್ಟಿ ಬಿಗಿದು, ಮುಖ ಕೆಂಪಾಗುವವರೆಗೆ ಅಳುತ್ತಾಳೆ. ಅತ್ತೆ ದೃಷ್ಟಿಯಾಗಿದೆ ಎಂದು ಉರಿವ ಬೆಂಕಿಕಡ್ಡಿಗಳನ್ನು ನೀರಿನಲ್ಲಿ ಅದ್ದಿ, ಆ ನೀರನ್ನು ಹಣೆಗೆ ಹಚ್ಚಿದರು. ಮಣಿಕಟ್ಟಿಗೆ ಕೆಂಪು ದಾರ ಕಟ್ಟಿದರು. ಅಳು ನಿಲ್ಲಲಿಲ್ಲ. ಆಗ ನಾನು ನಿನಗೆ ಫೋನ್ ಮಾಡಿದೆ.

"ಅಟ್ಟದ ಮೇಲೆ ಗಸಗಸೆ ಕಾಯಿ ಗೊಂಚಲು ನೇತುಹಾಕಿದೀನಲ್ಲ, ಒಂದು ಕುದಿಸಿ ಎರಡು ಚಮಚ ಕುಡಿಸು. ಸಾಂದುಗೂ ಅದನ್ನೇ ಕೊಟ್ಟಿದ್ದು. ಅಷ್ಟು ಹಟಮಾರಿ ಕೂಸು, ಆಮೇಲೆ ಕಮಕ್ ಕಿಮಕ್ ಅನ್ಲಿಲ್ಲ" ಎಂದೆ ನೀನು. ನಾನು ಹುಟ್ಟುವ ಮೊದಲೇ ತೊಟ್ಟಿಲಲ್ಲಿ ತೀರಿಕೊಂಡ ಅಣ್ಣನ ಹೆಸರನ್ನು ನೀನು ಅಳದೆ ಹೇಳಿದ್ದು ಅದೇ ಮೊದಲು.

ನಾನು ಫೋನ್ ಇಟ್ಟು ನಮ್ಮ ಹಳೆಯ ಮನೆಗೆ ಹೋಗಲು ಕೋಟು ಹಾಕಿಕೊಂಡಾಗ ಅತ್ತೆ ಕೆಣಕಿದರು: "ಏನಮ್ಮ, ಇನ್ಮೇಲೆ ಇಟಲಿಯಿಂದ್ಲೇ ತೊಟ್ಟಿಲು ತೂಗ್ತಾರೋ ನಿಮ್ಮಮ್ಮ?" ನಾನು ಬಾಗಿಲು ತೆರೆದು ಹೊರಟೆ. ಕಾಯಿ ತಂದು ಅತ್ತೆಗೆ ಕಾಣದಂತೆ ಕುದಿಸಿದೆ, ಸೋಸಿದೆ, ಕುಡಿಸಿದೆ. ಮಗು ಮಲಗಿತು. ನಾನೂ ಮಲಗಿದೆ. ಎಷ್ಟೋ ವಾರಗಳ ಮೇಲೆ ಬಂದ ನಿದ್ದೆ ಅದು.

ಎಬ್ಬಿಸಿದ್ದು ಅತ್ತೆ. "ಸ್ಮರಂದಾ, ಏಳು. ಇದು ನಿದ್ದೆಯಲ್ಲ ಕಣೇ. ಕೆನ್ನೆ ತಟ್ಟಿದ್ರೂ ಬಾಯಿ ಚಪ್ಪರಿಸ್ತಿಲ್ಲ." ಇಲಿಂಕಾಳ ತುಟಿಯ ಸುತ್ತ ನೀಲಿಯಾಗಿತ್ತು. ಒಂದು ಉಸಿರು ಬಂದರೆ ಮುಂದಿನದಕ್ಕೆ ಕಾಯಬೇಕಾಗಿತ್ತು.

ಆಸ್ಪತ್ರೆಯಲ್ಲಿ ವೈದ್ಯೆ ಮಗುವಿನ ಕಣ್ಣಿಗೆ ಬೆಳಕು ಬಿಟ್ಟು ನೋಡಿ, "ಏನು ಕುಡಿಸಿದ್ರಿ? ನಾನು ಬೈಯಲ್ಲ, ಹೇಳಿ. ಈಗ ಬಚ್ಚಿಟ್ರೆ ಮಗು ಉಳಿಯಲ್ಲ" ಎಂದರು. ನಾನು ಬಾಯಿಬಿಡುವ ಮೊದಲು ಅತ್ತೆ ಕಡೆ ನೋಡಿದೆ. ಅವರಿಗೆ ಕಾಯಿಯ ವಿಷಯ ಗೊತ್ತಿರಲಿಲ್ಲ. ಹೇಳಿದೆ. ಕೂಡಲೇ ಏನೋ ಚುಚ್ಚಿದರು, ಮೂಗಿಗೆ ಕೊಳವೆ ಇಟ್ಟರು. ಬೆಳಗಿನ ಹೊತ್ತಿಗೆ ಇಲಿಂಕಾ ಅತ್ತಳು. ಇಡೀ ವಾರ್ಡಿಗೆ ಕೇಳುವಂತೆ ಅತ್ತಳು. ಅತ್ತೆ ಬಾಗಿಲ ಬಳಿ ಶಿಲುಬೆಯ ಗುರುತು ಮಾಡಿಕೊಂಡರು.

ಅಮ್ಮ, ಗಸಗಸೆ ಕಾಯಿಯ ನೀರು ಹೊಟ್ಟೆನೋವು ಕಳೆಯುವುದಿಲ್ಲ. ಅದರಲ್ಲಿ ಅಫೀಮು ಇರುತ್ತದೆ. ಒಂದು ಕಾಯಿಯಲ್ಲಿ ಕಡಿಮೆ, ಇನ್ನೊಂದರಲ್ಲಿ ಹೆಚ್ಚು, ನೋಡಿದರೆ ತಿಳಿಯುವುದಿಲ್ಲ. ಕೂಸಿಗೆ ಉಸಿರಾಡುವುದೇ ಮರೆತುಹೋಗುತ್ತದೆ. ಈ ಅಳು ರೋಗವಲ್ಲವಂತೆ. ಹಾಲು ಕುಡಿದು, ತೂಕ ಏರುತ್ತಿದ್ದು, ಜ್ವರ, ವಾಂತಿ ಇಲ್ಲದಿದ್ದರೆ ಕಾಯಬೇಕಂತೆ, ಮೂರು ನಾಲ್ಕು ತಿಂಗಳಿಗೆ ತಾನಾಗಿ ನಿಲ್ಲುತ್ತದಂತೆ. ಹಾಲು ಕುಡಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗಿಸುತ್ತೇವೆ, ಎತ್ತಿಕೊಂಡು ನಡೆಯುತ್ತೇವೆ. ಬಟ್ಟೆ ಒಗೆಯುವ ಯಂತ್ರದ ಸದ್ದಿಗೆ ಕೆಲವು ಸಲ ಸುಮ್ಮನಾಗುತ್ತಾಳೆ, ಕೆಲವು ಸಲ ಯಾವುದಕ್ಕೂ ಇಲ್ಲ. ನನ್ನ ತಾಳ್ಮೆ ಕೆಟ್ಟರೆ ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಅಂಗಳಕ್ಕೆ ಹೋಗಿ ನಿಂತು ಬನ್ನಿ ಎಂದಿದ್ದಾರೆ ವೈದ್ಯೆ. ಹಾಗೇ ಮಾಡುತ್ತೇನೆ. ಆಗ ಅತ್ತೆ ಬಂದು ತೊಟ್ಟಿಲ ಪಕ್ಕ ಕೂರುತ್ತಾರೆ.

ನಿನ್ನಿಂದ ಇದನ್ನು ಮುಚ್ಚಿಡಬೇಕು ಅಂತಿದ್ದೆ. ಆದರೆ ನಿನ್ನ ಗೆಳತಿ ವಿಯೋರಿಕಾಳ ಮಗಳಿಗೂ ನೀನು ಇದನ್ನೇ ಹೇಳಿದ್ದು ನೆನಪಾಯಿತು. ಆಸ್ಪತ್ರೆಯಿಂದಲೇ ಅವಳಿಗೆ ಫೋನ್ ಮಾಡಿದೆ. ಅವಳಿನ್ನೂ ತನ್ನ ಕೂಸಿಗೆ ಕುಡಿಸಿರಲಿಲ್ಲ. ಈ ಮಾತು ವಿಯೋರಿಕಾಳ ಬಾಯಿಂದ ನಿನಗೆ ತಲುಪುವುದು ನನಗೆ ಬೇಡ.

ಅಟ್ಟದ ಗೊಂಚಲನ್ನು ಒಲೆಗೆ ಹಾಕಿದ್ದೇನೆ. ಈಸ್ಟರಿನ ಸಿಹಿ ಬ್ರೆಡ್ಡಿಗೆ ಈ ಸಲ ಗಸಗಸೆ ಬದಲು ಅಕ್ರೋಟಿನ ಹೂರಣ ಮಾಡೋಣ. ನೀನು ಬರಲೇಬೇಕು. ನಿನ್ನ ಕೈಗೆ ಇಲಿಂಕಾಳನ್ನು ಕೊಡಲು ನನಗೆ ಭಯವಿಲ್ಲ.

ನಿನ್ನ ಮಗಳು,
ಸ್ಮರಂದಾ

ಇನ್ನೊಂದು ಮಾತು: ನಿಮ್ಮ ಕಡೆ ಹಿಂದೆ ಯಾವುದಾದರೂ ಹಸುಗೂಸು ನಿದ್ದೆಯಲ್ಲೇ ತೀರಿಕೊಂಡಿತ್ತೇ ಎಂದು ವೈದ್ಯೆ ಕೇಳಿದರು. ಸಾಂದು ನೆನಪಾದ, ಆದರೂ ಇಲ್ಲ ಎಂದೆ. ಅತ್ತೆಗೆ ಸಾಂದುವಿನ ವಿಷಯ ಗೊತ್ತು, ಅವರೂ ಸುಮ್ಮನಿದ್ದರು. ಈಸ್ಟರಿಗೆ ಬಂದಾಗ ಅವನ ಸಮಾಧಿಗೆ ನಾನೂ ಬರುತ್ತೇನೆ. ಆ ಹೊತ್ತು ಇಲಿಂಕಾಳನ್ನು ತಾವು ನೋಡಿಕೊಳ್ಳುವುದಾಗಿ ಹೇಳಿದ್ದಾರೆ ಅತ್ತೆ. ನೀನು ಒಬ್ಬಳೇ ಹೋಗಬೇಡ.