ಶಾರ್ಕ್ ಹಲ್ಲಿನ ಗಣಪ

ಗೇಥರ್ಸ್‌ಬರ್ಗ್, ಮೇರಿಲ್ಯಾಂಡ್
೧೪ ಸೆಪ್ಟೆಂಬರ್ ೧೯೯೭

ಕಾತ್ಯಾಯಿನಿ ಅಕ್ಕಾ,

ನಮಸ್ಕಾರ ಎಂದು ಬರೆಯಲೂ ಮುಖವಿಲ್ಲ. ಹಬ್ಬದ ದಿನ ಕಡುಬು ಮುಟ್ಟದೆ ಎದ್ದು ಹೋದಿರಿ. ಆಮೇಲೆ ಫೋನ್ ಮಾಡಿದಾಗಲೆಲ್ಲ ನಿಮ್ಮ ಆನ್ಸರಿಂಗ್ ಮಷೀನೇ ಮಾತಾಡಿತು. ಅದರ ಹತ್ತಿರ ಇದನ್ನೆಲ್ಲ ಹೇಳಲಾರೆ, ಅದಕ್ಕೇ ಈ ಕಾಗದ.

ಆಗಸ್ಟ್‌ನಲ್ಲಿ ನನ್ನನ್ನೂ ಮಾಯಾಳನ್ನೂ ಕೊಲ್ಲಿಯ ದಡದ ಆ ಕ್ಲಿಫ್‌ಗೆ ಎಷ್ಟು ಪ್ರೀತಿಯಿಂದ ಕರೆದೊಯ್ದಿರಿ! ಅಷ್ಟೆತ್ತರದ ಜೇಡಿಮಣ್ಣಿನ ಗೋಡೆ, ಅದರೊಳಗೆ ಕೋಟಿ ವರ್ಷದ ಹಿಂದಿನ ಚಿಪ್ಪು, ಶಾರ್ಕ್ ಹಲ್ಲು. ಮೇಲಿನ ಅಂಚಿನಲ್ಲಿ ನೀವು ಸಂಶೋಧನೆಗೆಂದು ವರ್ಷಗಳಿಂದ ಕಾಯುತ್ತಿದ್ದ ಪುಟ್ಟ ಗಿಡ. ಗೋಡೆಯ ಬುಡ ಕೆದಕಿದರೆ ಮೇಲಿನದೆಲ್ಲ ಕುಸಿಯುತ್ತದೆ, ಹಗ್ಗ ದಾಟಬೇಡಿ ಎಂದಿರಿ. ಬೋರ್ಡೂ ಇತ್ತು.

ನನ್ನ ತಲೆಯಲ್ಲಿ ಮಾತ್ರ ಗಣಪತಿ. ಹೋದ ವರ್ಷ ನಮ್ಮ ಪ್ಲಾಸ್ಟಿಕ್ ಗಣಪನನ್ನು ನೋಡಿ ಕನ್ನಡ ಸಂಘದ ಮೈಥಿಲಿ ನಕ್ಕಿದ್ದಳು. ಈ ಸಲ ಅಪ್ಪಟ ಜೇಡಿಮಣ್ಣಿನವನನ್ನು ಕೂರಿಸಿ ಅವಳ ಬಾಯಿ ಮುಚ್ಚಿಸಬೇಕಿತ್ತು. ನೀವು ರೇಂಜರ್ ಜೊತೆ ಮಾತಾಡುತ್ತಿದ್ದಾಗ ನಿಮ್ಮ ಚೀಲದಿಂದಲೇ ಕುರ್ಪಿ ತೆಗೆದುಕೊಂಡು ಹಗ್ಗ ದಾಟಿದೆ. ಒಂದಿಷ್ಟು ಕೆದಕಿದ್ದೇ ತಡ, ಮೇಲಿನ ಮಣ್ಣು ದಬದಬ ಬಿತ್ತು. ಅದರೊಡನೆ ನಿಮ್ಮ ಗಿಡವೂ.

ಓಡಿಬಂದವರು ಮೊದಲು ಮಾಯಾಳನ್ನು ತಬ್ಬಿಕೊಂಡಿರಿ, ಮಗೂಗೆ ಪೆಟ್ಟಾಗ್ಲಿಲ್ಲ ತಾನೇ ಎಂದಿರಿ. ತಾನಾಗೇ ಬಿತ್ತು ಎಂದೆ ನಾನು. ನಿಮ್ಮ ಕುರ್ಪಿಯ ಗುರುತು ನೋಡಿ ಪಾರ್ಕಿನವರು ನಿಮ್ಮ ಸಂಶೋಧನೆಯ ಪರ್ಮಿಟ್ ನಿಲ್ಲಿಸಿದರು. ನಾನಲ್ಲ ಎಂದು ನೀವು ಎಷ್ಟು ಹೇಳಿದರೂ ನಂಬಲಿಲ್ಲ. ಪಕ್ಕದಲ್ಲೇ ನಿಂತಿದ್ದ ನಾನು ಅಯ್ಯೋ ಪಾಪ ಎಂದೆ. ಮಣ್ಣು ನನ್ನ ಬ್ಯಾಗಿನಲ್ಲಿತ್ತು.

ಹಬ್ಬದ ದಿನ ಎಲ್ಲರೂ ಗಣಪನನ್ನು ಹೊಗಳುವಾಗ ಮಾಯಾ ನಿಮ್ಮ ಕೈ ಹಿಡಿದೆಳೆದು ಅವನ ದಂತ ತೋರಿಸಿ, ಆಂಟಿ ಲುಕ್, ಗಣೇಶಂದು ಟಸ್ಕ್ ಶಾರ್ಕ್ ಟೂತ್, ಅಮ್ಮ ಕ್ಲಿಫ್‌ನಿಂದ ತಂದಿದ್ದು ಎಂದಳು. ನೀವು ನನ್ನ ಮುಖ ನೋಡಿದಿರಿ. ಮೈಥಿಲಿ ಎದುರಿಗಿದ್ದಳು. ಮಗು ಏನೋ ಹೇಳುತ್ತೆ, ಎಲ್ಲಾ ಕ್ರಾಫ್ಟ್ ಅಂಗಡಿಯದು ಎಂದುಬಿಟ್ಟೆ. ಹೆತ್ತ ಮಗಳನ್ನೇ ಸುಳ್ಳುಗಾರ್ತಿ ಮಾಡಿದೆ. ಥೂ, ನನ್ನ ಜನ್ಮಕ್ಕಿಷ್ಟು!

ನಾಚಿಕೆಯಿಂದ ಸಾಯುವಂತಾಗಿದೆ ಅಕ್ಕಾ. ಆ ಗಿಡವನ್ನಂತೂ ತಂದುಕೊಡಲಾರೆ. ಕ್ಷಮಿಸಿ ಎಂದೂ ಕೇಳುವುದಿಲ್ಲ.

ತಲೆ ತಗ್ಗಿಸಿಕೊಂಡು,
ಜಯಾ

ತಾ.ಕ.: ಗಣಪನನ್ನು ನೀರಿಗೆ ಬಿಟ್ಟೆವು ಎಂದು ಎಲ್ಲರಿಗೂ ಹೇಳಿದ್ದೇನೆ. ಬಿಟ್ಟಿಲ್ಲ. ಅವನು ಕರಗಿಹೋದರೆ ಮತ್ತೆ ಬಾಯಿ ಮುಚ್ಚಿಕೊಂಡು ಇದ್ದುಬಿಡುತ್ತೇನೆ ಎಂದು ನನಗೇ ಹೆದರಿಕೆ. ನಾಳೆ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಪಾರ್ಕಿನ ಆಫೀಸಿಗೆ ಹೋಗುತ್ತೇನೆ. ಸ್ಕೂಲು ತಪ್ಪಿಸಿ ಮಾಯಾಳನ್ನೂ ಕರೆದೊಯ್ಯುತ್ತೇನೆ. ಅವಳು ಹೇಳಿದ್ದೇ ನಿಜ ಎಂದು ಅವಳ ಎದುರಿಗೇ ಹೇಳಬೇಕು.