ಹೊಸ ಊರಿಗೆ ಪಾಪು

ಜೂನ್ ೧೫, ಭಾನುವಾರ

ಈ ಊರಿನಲ್ಲಿ ತಪ್ಪು ಹುಡುಕಲು ಆಗುತ್ತಿಲ್ಲ. ಇವರ ಆಫೀಸು ಹತ್ತಿರ, ಚರ್ಚು ಇನ್ನೂ ಹತ್ತಿರ, ಕನ್ಯಾಸ್ತ್ರೀಯರ ಶಾಲೆಯಲ್ಲಿ ಮಗಳಿಗೆ ಸೀಟೂ ಇದೆ. ಬಾಡಿಗೆ ಮನೆ ನೋಡುವಾಗ ಅವಳು ಚಿಕ್ಕ ಕೋಣೆಯೊಳಗೆ ಇಣುಕಿ, "ಇದು ತಮ್ಮನ ರೂಮು" ಅಂದಳು. ಅವನು ಮಣ್ಣು ಸೇರಿ ಎರಡು ವರ್ಷ. ನಾನು ಕಿಟಕಿಯ ಚಿಲಕ ನೋಡುವವಳಂತೆ ಮುಖ ತಿರುಗಿಸಿದೆ.

ಚರ್ಚಿನಲ್ಲಿ ಭಾನುವಾರದ ಬಲಿಪೂಜೆ ಮುಗಿದ ಮೇಲೆ ಇವರು ಪಾದ್ರಿಗಳ ಹತ್ತಿರ ಮೆಲ್ಲಗೆ ಏನೋ ಮಾತಾಡಿ ಬಂದರು.

"ಏನು ಕೇಳಿದ್ರಿ?"

"ಪಾಪೂನ ಇಲ್ಲಿನ ಸಿಮೆಟ್ರಿಗೆ ತರಬಹುದಾ ಅಂತ."

ಎರಡು ವರ್ಷದಿಂದ ಅವನ ಸುದ್ದಿಯನ್ನೇ ಎತ್ತದ ಮನುಷ್ಯ.

"ತರಬಹುದಂತೆ. ಹಳೇ ಊರಲ್ಲಿ ಸಮಾಧಿ ತೆಗೆಯುವಾಗ ಮನೆಯವರು ಯಾರಾದ್ರೂ ಇರಬೇಕಂತೆ."

ಊರು ಹಿಡಿಸಿತು ಅಂದೆ. ಇವರೊಬ್ಬರನ್ನೇ ಅಲ್ಲಿ ನಿಲ್ಲಿಸಲಾರೆ, ನಾನೂ ಹೋಗುತ್ತೇನೆ. ಆದರೆ ಅಷ್ಟು ಪುಟ್ಟ ಪೆಟ್ಟಿಗೆ, ಎರಡು ಮಳೆಗಾಲ ಮಣ್ಣಿನಲ್ಲಿದ್ದದ್ದು, ಎತ್ತುವಾಗ...